ಕರಿಪುಡಿಯ ಸಾವು – ಕಂತು ೭: ಮೊದಲ ಸಾಲು

“ಸರೀರಿ ಅಕ್ಕಾರ, ಎತ್ತು ಹಾಯತಾವ!”

ಶಟ್ಟೆಪ್ಪ ಕೂಗಿದ. ಪದ್ಮವ್ವ ಸರಿಯಲಿಲ್ಲ.

ಹೊಲದ ಮೂಡಣ ಬದುವಿನ ಮೇಲೆ, ಜೋಡೆತ್ತಿನ ಎದುರಿಗೆ ಅವಳು ನಿಂತಿದ್ದಳು. ಬಲಗಡೆಯ ಎತ್ತಿನ ಬಿಸಿಯುಸಿರು ಮೊಣಕೈಗೆ ತಾಗುತ್ತಿತ್ತು. ಕೊಂಬಿನ ತುದಿ ಎದೆಯಿಂದ ಗೇಣು ದೂರದಲ್ಲಿತ್ತು. ಹೆದರಿಕೆ ಆಗಬೇಕಿತ್ತು. ಗೋಡೆಯಾಚೆ ಯಾರದೋ ಮನೆಯಲ್ಲಿ ಯಾರಿಗೋ ಹೆದರಿಕೆ ಆಗುತ್ತಿದೆ ಎಂಬಂತಿತ್ತು, ಅಷ್ಟೆ.

“ಇವತ್ತೊಂದಿನ ಕುಂಟಿ ಹೊಡೀಬ್ಯಾಡ್ರಿ,” ಎಂದಳು. “ಅಯ್ಯಾರು ಬರಾಕತ್ತಾರ.”

“ಅಯ್ಯಾರು ಬಂದ್ರ ಭಿಕ್ಷಾ ನೀಡತೇವಿ. ಹೊಲಾ ಯಾಕ ನೀಡಬೇಕು?” ಶಟ್ಟೆಪ್ಪ ಹಗ್ಗ ಜಗ್ಗಿದ. “ಹೆಣಾ ಬಿದ್ದ ಬೀಜ ಇದು. ನಮ್ಮವ್ವಗ ಬುದ್ಧಿ ಇಲ್ಲ, ಕದ್ದು ಬಿತ್ಯಾಳ. ನನಗ ಬುದ್ಧಿ ಐತಿ, ಕಿತ್ತ ಒಗೀತೇನಿ. ಸರೀರಿ.”

ಶಟ್ಟೆಪ್ಪ ಅವಳ ತಂಗಿ ಯಲ್ಲವ್ವನ ಗಂಡ. ಮುಂಗಾರಿನ ಬಿತ್ತನೆಯ ಹೊತ್ತಿಗೆ ಇವನ ಅಂಗಳದಲ್ಲೇ ಪದ್ಮವ್ವನ ಗಂಡ ಲಗಮಣ್ಣ ಊರ ಮಂದಿಯ ಎದುರು ಸತ್ತುಬಿದ್ದಿದ್ದ.

ಲಗಮಣ್ಣ ಮುನವಳ್ಳಿ ಕಡೆಯ ಗ್ರಾಮಸೇವಕ. ಸರಕಾರ ಹೊಸದಾಗಿ ತಂದ ಸೋಯಾ ಅವರೆಯನ್ನೂ, ಅದರ ಬೀಜಕ್ಕೆ ಹಚ್ಚುವ ಕರಿ ಪುಡಿಯನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದ. ಆ ಪುಡಿಯಲ್ಲಿ ಕಣ್ಣಿಗೆ ಕಾಣದ ಜೀವಾಣುಗಳಿವೆ, ಅವು ಬೇರಿನಲ್ಲಿ ಗಂಟು ಕಟ್ಟಿಕೊಂಡು ಗಾಳಿಯೊಳಗಿನ ಸತ್ವವನ್ನು ಗಿಡಕ್ಕೆ ಉಣಿಸುತ್ತವೆ ಎಂದರೆ ಮಂದಿ ನಗುವರು. ಅವನೂ ಜೊತೆಗೆ ನಗುವನು. ಬೆಲ್ಲದ ಪಾಕದಲ್ಲಿ ಪುಡಿ ಕಲಸಿ, ಕಾಳಿಗೆ ಸವರಿ, ನೆರಳಿಗೆ ಹರಡುವನು. ಪ್ರತಿ ಊರಲ್ಲೂ ಯಾರಾದರೊಬ್ಬರು ‘ಇದು ವಿಷ ಅಲ್ಲೇನ್ರಿ?’ ಎನ್ನುವರು. ಪ್ರತಿ ಊರಲ್ಲೂ ಅವನು ಒಂದು ಚಿಟಿಕೆ ಕರಿ ಕಾಳು ಬಾಯಿಗೆ ಹಾಕಿಕೊಂಡು ಜಗಿದು ತೋರಿಸುವನು. ಸುತ್ತಿನ ಸೀಮೆಗೆಲ್ಲ ಆ ಆಟ ಗೊತ್ತಿತ್ತು.

ಶಟ್ಟೆಪ್ಪನ ಊರು ಹುಣಸಿಕೊಪ್ಪದಲ್ಲೂ ಜಗಿದ. ನೆರಳಿಗೆ ಹರಡಿದ ಕಾಳು ಒಣಗುವ ಮೊದಲೇ ಬಾಯಲ್ಲಿ ನೊರೆ ಬಂದು ಬಿದ್ದ.

ಈಗ ಬೆಂಗಳೂರಿನಿಂದ ವರದಿ ಬಂದಿತ್ತು. ಹೊಟ್ಟೆಯಲ್ಲಿದ್ದದ್ದು ಹತ್ತಿಯ ಹುಳಕ್ಕೆ ಹೊಡೆಯುವ ವಿಷದೆಣ್ಣೆ. ಅಂದು ಸೋಮವಾರ, ಲಗಮಣ್ಣನ ಉಪವಾಸ. ಆ ಕಾಳು ಬಿಟ್ಟರೆ ಬೇರೇನೂ ಅವನ ಹೊಟ್ಟೆಗೆ ಹೋಗಿರಲಿಲ್ಲ. ಕಾಳಿಗೆ ಸವರಿದ ಪಾಕ ಹೆಂಡತಿ ಮನೆಯಲ್ಲಿ ಕಾಸಿ, ಆರಿಸಿ, ಹಾಲಿನ ಕ್ಯಾನಿಗೆ ತುಂಬಿ ಕೊಟ್ಟದ್ದು.

ಮತ್ತು ಆ ಹೆಂಡತಿ ಅತ್ತಿರಲಿಲ್ಲ.

ಪಡುವಣದ ಗಾಡಿದಾರಿಯಲ್ಲಿ ಜೀಪು ಬಂದು ನಿಂತಿತು. ಪೊಲೀಸ್ ಫೌಜದಾರರು ಇಳಿದರು. ಹಿಂದಿನಿಂದ ಬಸಯ್ಯನವರು ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಒದ್ದೆ ಬಟ್ಟೆಯ ಸುರುಳಿ ಹಿಡಿದು, ಕಾಲು ಎಲ್ಲಿಡಬೇಕೆಂದು ನೆಲ ನೋಡುತ್ತ ಇಳಿದರು. ಜಿಟಿಜಿಟಿ ಮಳೆಗೆ ಎರೆಮಣ್ಣು ಬೆಣ್ಣೆಯಂತಾಗಿತ್ತು.

ಬಸಯ್ಯನವರು ಒಂದು ಕಾಲದಲ್ಲಿ ರಾಮದುರ್ಗ ಸಂಸ್ಥಾನದ ಪೊಲೀಸಿನಲ್ಲಿದ್ದವರು. ಸಂಸ್ಥಾನ ಹೋಯಿತು, ಹವಾಲ್ದಾರಿಕೆಯೂ ಮುಗಿಯಿತು, ಕೇಳುವ ಚಟ ಮಾತ್ರ ಉಳಿಯಿತು. ಜಾತಿಯಿಂದ ಜಂಗಮರು. ಯಾರ ಮನೆಗೆ ತನಿಖೆಗೆ ಹೋದರೂ ಮೊದಲು ಕಾಲಿಗೆ ನೀರು ಕೊಡುತ್ತಾರೆ, ಆಮೇಲೆ ಹಾಲು ಕೊಡುತ್ತಾರೆ, ಉತ್ತರ ಮಾತ್ರ ಕೊಡುವುದಿಲ್ಲ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

“ಶಟ್ಟೆಪ್ಪಾ, ಎತ್ತು ಹಿಡಕೋ,” ಎಂದರು ಬದುವಿನ ಮೇಲೆ ನಡೆದು ಬಂದು. “ಗಾಡೀದಾರಿ ಆ ಕಡೆ ಐತಿ. ಹೊಲಾ ಪೂರಾ ದಾಟಿ ಎತ್ತು ಈ ತುದೀಗೆ ಯಾಕ ಬಂದಾವ?”

“ಮೂಡಲಿಂದ ಸುರು ಮಾಡೂದು ಪದ್ಧತಿ ಅಲ್ರೀ ಅಯ್ಯಾರ?”

“ಬಿತ್ತಾಕ ಪದ್ಧತಿ. ಕೀಳಾಕೂ ಪದ್ಧತಿ ಐತೇನು? ಇರಬೇಕು. ನಾ ಒಕ್ಕಲತನಾ ಮಾಡಿದಾವಲ್ಲ.”

ಶಟ್ಟೆಪ್ಪ ಹಗ್ಗವನ್ನು ಕೈಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

ಜೀಪಿನಿಂದ ಕೊನೆಗೆ ಇಳಿದವನು ಕಾಡಪ್ಪ. ಮುನವಳ್ಳಿಯ ಗೊಬ್ಬರದಂಗಡಿಯವನು. ಫೌಜದಾರರು ಅವನನ್ನು ಪಂಚನಾಮೆಗೆ ಸಾಕ್ಷಿಯಾಗಿ ಕರೆತಂದಿದ್ದರು. ಕರಿ ಪುಡಿ ಊರೂರಿಗೆ ಹಬ್ಬಿದರೆ ತನ್ನ ಯೂರಿಯಾ ಯಾರು ಕೊಳ್ಳುತ್ತಾರೆ ಎಂದು ಸಂತೆಯಲ್ಲಿ ನಿಂತು ಕೂಗಾಡಿದ್ದವನು ಇವನೇ. ‘ಆ ಮನಷ್ಯಾ ಒಂದಿನ ಅದನ್ನ ತಿಂದ ಸಾಯ್ತಾನ’ ಎಂದಿದ್ದವನೂ ಇವನೇ. ಆದರೆ ಆ ಸೋಮವಾರ ಅವನು ಬೈಲಹೊಂಗಲದಲ್ಲಿದ್ದದ್ದನ್ನು ಕಂಡವರು ಅರ್ಧ ಪೇಟೆ. ಹೀಗಾಗಿ ಊರಿನ ಬೆರಳು ಅವನನ್ನು ಬಿಟ್ಟು ಪದ್ಮವ್ವನ ಕಡೆಗೆ ತಿರುಗಿತ್ತು.

ಫೌಜದಾರರು ಬೂಟಿನ ಮಣ್ಣು ಕೊಡವಿದರು. ಕೆಟ್ಟವರಲ್ಲ. ಅವರ ಕಣ್ಣಲ್ಲಿ ನಿದ್ದೆಗೇಡಿತ್ತು.

“ಅಯ್ಯಾರ, ನೀವು ಅಂದ್ರಿ ಅಂತ ಜೀಪ ಇಲ್ಲೀಮಟಾ ತಂದೇನಿ. ಇವತ್ತ ಈ ಹೆಣ್ಮಗಳನ್ನ ಸವದತ್ತಿ ಕೋರ್ಟಿಗೆ ಹಾಜರ ಮಾಡಬೇಕು. ಅಲ್ಲಿಂದ ಹಿಂಡಲಗಾ ಜೇಲು. ಏನ ತೋರಸ್ತೀರಿ, ಲಗೂನ ತೋರಸ್ರಿ.”

“ತೋರಸಾವ ನಾ ಅಲ್ರಿ ಸಾಹೇಬ್ರ. ಗಿಡಾ ತೋರಸ್ತಾವ.”

ಕಾಡಪ್ಪ ಕಿಸಕ್ಕನೆ ನಕ್ಕ. “ಗಿಡಾ ಸಾಕ್ಷಿ ಹೇಳತಾವೇನ್ರಿ ಈಗ? ಕೋರ್ಟಿನ್ಯಾಗ ಅವಕ್ಕ ಪ್ರಮಾಣ ಯಾರ ಮಾಡಸ್ತಾರ?”

“ನಿನ್ನ ಅಂಗಡಿ ಚೀಲಕ್ಕಿಂತ ಅವು ಖರೇ ಹೇಳತಾವೋ ಮಾರಾಯಾ.”

ಅಷ್ಟರಲ್ಲಿ ಶಟ್ಟೆಪ್ಪನ ತಾಯಿ ರಾಚವ್ವ ಹೊಲದ ಗುಡಿಸಲಿನಿಂದ ಸೀರೆಯ ನೆರಿಗೆ ಎತ್ತಿಕೊಂಡು ಓಡಿಬಂದಳು. ಬಂದವಳೇ ಬಸಯ್ಯನವರ ಕಾಲಿಗೆ ಬಿದ್ದಳು. ಎದ್ದು ಫೌಜದಾರರಿಗೂ ಬೀಳಲು ಹೋದಳು. ಅವರು ಹಿಂದೆ ಸರಿದರು.

“ಮುದುಕೀ, ಬೀಜಾ ಹೊಳಿಗೆ ಚೆಲ್ಲಂತ ನಿನಗ ಹೇಳಿದ್ದೆನೋ ಇಲ್ಲೋ?” ಫೌಜದಾರರು ಗದರಿದರು.

“ಹೇಳಿದ್ರಿ ನಮ್ಮಪ್ಪಾ. ಒಯ್ದಿದ್ದೆ. ದಂಡೀ ಮ್ಯಾಲ ನಿಂತೆ. ಕೈ ಬರಲಿಲ್ಲ.” ರಾಚವ್ವ ಎರಡೂ ಕೈ ಚಾಚಿ ತೋರಿಸಿದಳು, ಆ ಕೈಗಳದೇ ತಪ್ಪು ಎನ್ನುವ ಹಾಗೆ. “ಪೂಜಿ ಆದ ಬೀಜಾ. ಕುಂಕುಮ ಬಿದ್ದ ಬೀಜಾ. ನೀರಿಗೆ ಹಾಕಿದ್ರ ಮನಿ ಉದ್ಧಾರ ಆಕ್ಕೈತೇನ್ರಿ?”

“ಮನಷ್ಯಾ ಸತ್ತಾನ ಅದನ್ನ ತಿಂದು!”

“ಸತ್ತಾನ್ರಿ. ಆದ್ರೂ ಬೀಜ ಬೀಜನ ಅಲ್ರಿ?”

ಫೌಜದಾರರಿಗೆ ಆ ಮಾತು ತಿಳಿಯಲಿಲ್ಲ. ಪದ್ಮವ್ವನಿಗೆ ತಿಳಿದಿತ್ತು. ಅವಳ ತವರು ಸಂಗೊಳ್ಳಿಯಲ್ಲೂ ಹಾಗೇ. ಮನೆಗೆ ಬೆಂಕಿ ಬಿದ್ದಾಗ ಅವಳ ಅಜ್ಜಿ ತೊಟ್ಟಿಲಿನ ಕೂಸು ಒಂದು ಕಂಕುಳಲ್ಲಿ, ಬಿತ್ತನೆ ಜೋಳದ ಗಂಟು ಇನ್ನೊಂದು ಕಂಕುಳಲ್ಲಿ ಎತ್ತಿಕೊಂಡು ಹೊರಗೆ ಬಂದಿದ್ದಳಂತೆ. ಸಾವಿನ ಬೀಜವಾದರೂ ಒಕ್ಕಲಗಿತ್ತಿ ಚೆಲ್ಲುವುದಿಲ್ಲ. ಈ ಮುದುಕಿ ಚೆಲ್ಲದೆ ಹೋದದ್ದರಿಂದಲೇ ಇವತ್ತು ಈ ಹೊಲ ಹಸಿರಾಗಿ ನಿಂತಿತ್ತು.

“ಒಬ್ಬಾಕಿನ ಬಿತ್ತಿದೇನು?” ಬಸಯ್ಯನವರು ಕೇಳಿದರು.

“ಒಬ್ಬಾಕಿನ ರೀ. ಕೂರಿಗಿ ಹೊಡದ ಹಂಗ ಸಾಲ ಬಿಟ್ಟು, ಕೈಲೇ ಊರೇನಿ. ಮಗಗೂ ಗೊತ್ತಿರಲಿಲ್ಲ, ಸೊಸೀಗೂ ಗೊತ್ತಿರಲಿಲ್ಲ. ಸೊಸೀಗೆ ಮೊನ್ನಿ ಗೊತ್ತಾತು, ಆಕಿ ಅಂದ್ಲು, ಅತ್ತೀ ಕಿತ್ತ ಒಗಸು ಅಂತ. ದೇವ್ರೂ ಸಿಟ್ಟಾಗಿದ್ದ ಅನಸ್ತೈತಿ. ಬಿತ್ತಿದ ಮಾರನೇ ದಿನಾ ಈ ಬದುವಿನ ಹಂತ್ಯಾಕ ಎರಡು ಬೆಳವಕ್ಕಿ ಸತ್ತ ಬಿದ್ದಿದ್ವು. ನದರಾತು ಅಂತ ಉಪ್ಪು ಮೆಣಸಿನಕಾಯಿ ಇಳಿ ತಗದೇನಿ.”

“ಹಕ್ಕಿ ಸತ್ರ ಹೊಲಕ್ಕ ಇಳಿ ತಗೀತೀರಿ,” ಎಂದ ಕಾಡಪ್ಪ. “ಮನಷ್ಯಾ ಸತ್ರ ಮಾತ್ರ ನನ್ನ ಅಂಗಡಿಗೆ ಕಲ್ಲ ಒಗೀತೀರಿ.”

ಬಸಯ್ಯನವರು ಒದ್ದೆ ಬಟ್ಟೆ ಬಿಚ್ಚಿದರು. ಒಳಗೆ ಒಂದು ಸೋಯಾ ಗಿಡ, ಬೇರು ಸಮೇತ.

“ಸಾಹೇಬ್ರ, ಇದು ಕಾಲಿವಿ ಆಚಿ ಹೊಲದ್ದು. ಶಟ್ಟೆಪ್ಪಂದ ಹೊಲ. ಇದ ಮಣ್ಣು, ಇದ ಬೀಜಾ. ಆದ್ರ ಇದಕ್ಕ ಕರಿ ಪುಡಿ ಹಚ್ಚಿಲ್ಲ. ಹೌದಿಲ್ಲೋ ಶಟ್ಟೆಪ್ಪಾ?”

“ಹೌದ್ರಿ. ಮೊದಲನೇ ಚೀಲ ಹಂಗ ಬಿತ್ತಿದ್ವಿ.”

“ಬೇರ ನೋಡ್ರಿ.”

ಫೌಜದಾರರು ನೋಡಿದರು. ಬಿಳಿ ನೂಲಿನಂಥ ಬೇರು. ನುಣ್ಣಗೆ, ಬರಿದಾಗಿ ಇಳಿಬಿದ್ದಿತ್ತು.

“ಹೊಸಾ ಬೆಳಿ ಇದು. ನಮ್ಮ ನೆಲದಾಗ ಇದರ ಜೀವಾಣು ಇಲ್ಲ. ಪುಡಿ ಹಚ್ಚಿದ್ರ ಬೇರಿಗೆ ಗಂಟ ಬರತಾವ, ಹಚ್ಚದಿದ್ರ ಹಿಂಗ. ಅಷ್ಟ ಅಲ್ಲ, ಪುಡಿ ಹಚ್ಚಿದ ಬೀಜಕ್ಕ ವಿಷಾ ತಗಲಿದ್ರೂ ಹಿಂಗನ. ಜೀವಾಣು ಸಾಯ್ತಾವ. ಧಾರವಾಡದಾಗ ಈ ಪುಡಿ ಮಾಡವ್ರನ್ನ ಕೇಳಿಕೊಂಡು ಬಂದೇನಿ.” ಬಸಯ್ಯನವರು ಪದ್ಮವ್ವನ ಕಡೆಗೆ ತಿರುಗಿದರು. “ವಿಷಾ ಪಾಕದಾಗ ಇದ್ದಿದ್ರ ಎಲ್ಲಾ ಕಾಳಿಗೂ ಹತ್ತಿರಬೇಕು. ಈ ಹೊಲದಾಗ ಒಂದ ಗಂಟೂ ಇರಬಾರದು. ಹೋಗವ್ವಾ. ನಡುವಿಂದ ಒಂದ ಗಿಡಾ ತಗೊಂಡ ಬಾ.”

“ಆಕೀನ ಯಾಕ? ನಾನ ಕೀಳತೇನಿ,” ಎಂದರು ಫೌಜದಾರರು.

“ನೀವು ಜಗ್ಗತೀರಿ. ಜಗ್ಗಿದ್ರ ಗಂಟ ಮಣ್ಣಿನ್ಯಾಗ ಉಳೀತಾವ. ಆಕಿ ಎತ್ತತಾಳ.”

ಪದ್ಮವ್ವ ಹೊಲದೊಳಗೆ ಇಳಿದಳು. ಸಾಲುಗಳ ನಡುವೆ ಮೊಣಕಾಲೂರಿ ಕೂತಳು. ಗಿಡದ ಸುತ್ತ ಮಣ್ಣಿಗೆ ನಾಲ್ಕೂ ಬೆರಳು ಇಳಿಸಿ, ಕೆಳಗಿನಿಂದ ಹೆಂಟೆ ಸಮೇತ ಎತ್ತಿದಳು. ಎತ್ತುವ ಮೊದಲು ಬಳೆ ಹಿಂದೆ ಸರಿಸಲು ಎಡಗೈ ಬಲಗೈಯ ಮಣಿಕಟ್ಟಿಗೆ ಹೋಗಿತ್ತು. ಬಳೆ ಇರಲಿಲ್ಲ. ಕೈಗೆ ಇನ್ನೂ ಅದು ಗೊತ್ತಾಗಿರಲಿಲ್ಲ.

ಗಂಟು ಇರದಿದ್ದರೆ ಜೇಲು. ಅಷ್ಟು ಅವಳಿಗೆ ಗೊತ್ತಿತ್ತು. ತಾನೇ ಕಾಸಿದ ಪಾಕ ತನ್ನನ್ನು ಉಳಿಸುತ್ತದೋ ಮುಳುಗಿಸುತ್ತದೋ ಎಂದು ಈ ಹೆಂಟೆಯೊಳಗೆ ಬರೆದಾಗಿತ್ತು. ಎದೆ ಮಾತ್ರ ಬಡಿಯಲಿಲ್ಲ. ಇದ್ದರೂ ಆಯಿತು, ಇರದಿದ್ದರೂ ಆಯಿತು ಎನ್ನುವವಳ ಹಾಗೆ ಅವಳು ಬದುವಿನ ಪಕ್ಕದ ನೀರಿನ ಕಾಲುವೆಗೆ ಹೆಂಟೆ ಅದ್ದಿ, ಮಣ್ಣು ಕರಗುವುದನ್ನು ನೋಡುತ್ತ ಕೂತಳು.

ಕರಿ ನೀರು ಹರಿದು ಹೋಯಿತು. ಬೇರು ಬಿಳುಪಾಯಿತು.

ತಾಯಿ ಬೇರಿನ ಕುತ್ತಿಗೆಗೆ ದ್ರಾಕ್ಷಿಗೊನೆಯಂತೆ ಗಂಟುಗಳು ಹತ್ತಿಕೊಂಡಿದ್ದವು. ಸಾಸಿವೆಯಷ್ಟು, ಕಡಲೆಯಷ್ಟು, ಒಂದರ ಮೇಲೊಂದು.

“ಯವ್ವಾ ಇದೇನಽ!” ಎಂದಳು ರಾಚವ್ವ. “ಬೇರಿಗೆ ಸಿಡಬು ಬಂದ ಹಂಗ ಐತಿ.”

“ಒಡದ ತೋರಸವ್ವಾ,” ಎಂದರು ಬಸಯ್ಯನವರು.

ಪದ್ಮವ್ವ ದೊಡ್ಡದೊಂದು ಗಂಟಿಗೆ ಉಗುರು ಒತ್ತಿದಳು. ಒಳಗೆ ಕೆಂಪು. ಹಸಿ ಮಾಂಸದ ಕೆಂಪು. ಉಗುರಿನ ಸಂದಿಯಲ್ಲಿ ನಸುಗೆಂಪು ನೀರು ನಿಂತಿತು.

ಲಗಮಣ್ಣ ಸಂಜೆ ಮನೆಗೆ ಬಂದು ಜೇಬಿನಿಂದ ಇಂಥ ಬೇರು ತೆಗೆದು ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದ. ‘ನೋಡಲೇ ಪದ್ಮಾ, ಒಳಗ ಕೆಂಪ ಐತಿ ಅಂದ್ರ ದುಡ್ಯಾಕತ್ತಾವ ಅಂತ ಅರ್ಥ. ಬೆಳ್ಳಗಿದ್ರ ಕುಂತ ಉಣ್ಣಾವು. ನಮ್ಮ ಆಫೀಸಿನ್ಯಾಗ ಬಿಳೀವ ಜಾಸ್ತಿ.’ ಅವಳು ರೊಟ್ಟಿ ಬಡಿಯುತ್ತಲೇ ನಗುತ್ತಿದ್ದಳು. ಆ ನಗೆ ನೆನಪಾಯಿತು. ಯಾರೋ ಹೇಳಿದ ಸುದ್ದಿಯಂತೆ ನೆನಪಾಯಿತು.

“ಕೆಂಪ ಐತ್ರಿ,” ಎಂದಳು. “ಜೀವ ಐತಿ.”

ಫೌಜದಾರರು ನಂಬಲಿಲ್ಲ. ತಾವೇ ಹೊಲಕ್ಕಿಳಿದರು. ಒಂದು ಮೂಲೆಯಲ್ಲಿ ಕಿತ್ತರು, ಇನ್ನೊಂದು ಮೂಲೆಯಲ್ಲಿ ಕಿತ್ತರು. ಜಗ್ಗಿ ಕಿತ್ತರೂ ಅಲ್ಲೊಂದು ಇಲ್ಲೊಂದು ಗಂಟು ಬೇರಿಗೆ ಅಂಟಿಕೊಂಡು ಬಂತು. ಕಾಡಪ್ಪನಿಂದಲೂ ಕೀಳಿಸಿದರು. ಅವನು ಗಂಟನ್ನು ಒಡೆದು, ಮೂಸಿ, ಮುಖ ಸಿಂಡರಿಸಿದ.

“ಏನಪಾ ಕಾಡಪ್ಪಾ?”

“ಗಂಟ ಅದಾವ್ರಿ.” ಅವನ ದನಿ ಸಣ್ಣಗಾಗಿತ್ತು. “ನಮ್ಮ ಯೂರಿಯಾ ಹಾಕಿದ ಗಿಡಾನೂ ಇಷ್ಟ ಹಸರ ಇರೂದಿಲ್ಲ ಅಂತ ಮಾತ್ರ ಬರಕೋಬ್ಯಾಡ್ರಿ.”

ಬಸಯ್ಯನವರು ಕೊಡೆಯನ್ನು ಹೆಗಲಿಗೆ ಆನಿಸಿ, ಅಂಗೈಯಲ್ಲಿ ತಂಬಾಕಿಗೆ ಸುಣ್ಣ ತಿಕ್ಕುತ್ತ ನಿಂತಿದ್ದರು. ಫೌಜದಾರರು ಟೋಪಿ ತೆಗೆದು ತಲೆ ಒರೆಸಿಕೊಂಡರು.

“ಅಂದ್ರ ಪಾಕದಾಗ ವಿಷಾ ಇರಲಿಲ್ಲ.”

“ಇರಲಿಲ್ಲ.”

“ಪುಡಿಯೊಳಗೂ ಇರಲಿಲ್ಲ.”

“ಇದ್ದಿದ್ರ ಈ ಗಂಟ ಎಲ್ಲಿಂದ ಬರತಿದ್ವು?”

“ಮತ್ತ ಆ ಮನಷ್ಯಾನ ಬಾಯಿಗೆ ಹೋಗಿದ್ದ ಏನು?”

“ಅದನ್ನ ನಾಳಿಂದ ಕೇಳೋಣು ಸಾಹೇಬ್ರ. ಇವತ್ತ ಕೇಳಬೇಕಾದ್ದು ಒಂದ. ಈ ಹೆಣ್ಮಗಳನ್ನ ಒಯ್ತೀರೋ ಬಿಡತೀರೋ?”

ಫೌಜದಾರರು ಪದ್ಮವ್ವನನ್ನು ನೋಡಿದರು. ಅವಳ ಮುಖದಲ್ಲಿ ಏನೋ ಒಂದು ಹುಡುಕುತ್ತಿದ್ದರು, ಸಿಗಲಿಲ್ಲ.

“ಮನಿಗೆ ಹೋಗ್ರಿ,” ಎಂದರು ಕೊನೆಗೆ. “ಮುನವಳ್ಳಿ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ. ಅಷ್ಟ.” ಎರಡು ಹೆಜ್ಜೆ ಹೋಗಿ ತಿರುಗಿದರು. “ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಅವತ್ತ ಯಾಕ ಅಳಲಿಲ್ಲ?”

“ಬರಲಿಲ್ರಿ,” ಎಂದಳು ಪದ್ಮವ್ವ.

ಫೌಜದಾರರು, ಕಾಡಪ್ಪ ಜೀಪಿನ ಕಡೆಗೆ ನಡೆದರು. ಬಾನೆಟ್ಟಿನ ಮೇಲೆ ಪಂಚನಾಮೆ ಬರೆಯಬೇಕಿತ್ತು. ಶಟ್ಟೆಪ್ಪ ಎತ್ತುಗಳನ್ನು ಬೇವಿನ ಗಿಡದ ಕೆಳಗೆ ಒಯ್ದು ನೊಗ ಬಿಚ್ಚತೊಡಗಿದ. ರಾಚವ್ವ ಪದ್ಮವ್ವನ ಗಲ್ಲ ಸವರಿ ತನ್ನ ಹಣೆಗೆ ಬೆರಳು ಒತ್ತಿ ನೆಟಿಗೆ ಮುರಿದಳು. “ಗೆದ್ದಿ ನಮ್ಮವ್ವಾ, ಗೆದ್ದಿ. ಇನ್ನ ಒಂದೀಟ ಅತ್ತಬಿಡು.”

ಗೆದ್ದ ಹಾಗೆ ಅನಿಸಲಿಲ್ಲ. ಕಾಲು ತಣ್ಣಗಾಗಿದ್ದವು, ಅದಷ್ಟು ಗೊತ್ತಾಗುತ್ತಿತ್ತು. ಎತ್ತಿಗೆ ಅಡ್ಡ ಬರುವಾಗ ಚಪ್ಪಲಿ ಮೂಡಣ ಬದುವಿನಲ್ಲೇ ಬಿಟ್ಟಿದ್ದಳು. ತರಲು ಹೋದಳು.

ಚಪ್ಪಲಿ ಮೆಟ್ಟಿಕೊಳ್ಳಲು ಬಗ್ಗಿದಾಗ ಕಂಡಿತು.

ಬದುವಿಗೆ ಹತ್ತಿದ ಮೊದಲ ಸಾಲು. ಉಳಿದ ಹೊಲ ಕಡು ಹಸಿರು. ಈ ಒಂದು ಸಾಲು ನಸುಹಳದಿ. ಎತ್ತಿನ ಮುಂದೆ ನಿಂತಾಗಲೇ ಕಂಡಿತ್ತು, ಬದುವಿನ ನೀರು ನಿಂತು ಹಾಗಾಗಿರಬೇಕು ಎಂದುಕೊಂಡಿದ್ದಳು. ಆದರೆ ಬದು ಇಳಿಜಾರು. ಇಲ್ಲಿ ನೀರು ನಿಲ್ಲುವುದಿಲ್ಲ.

ಹಳದಿ ಸಾಲು ಹೊಲದ ತುದಿಯವರೆಗೂ ಹೋಗಿರಲಿಲ್ಲ. ನಡುವೆ ಒಂದು ಕಡೆ ಬಟ್ಟೆ ಕತ್ತರಿಸಿದ ಹಾಗೆ ನಿಂತಿತ್ತು. ಅಲ್ಲಿಂದಾಚೆ ಅದೇ ಸಾಲು ಹಸಿರು.

“ರಾಚವ್ವತ್ತೀ,” ಎಂದು ಕರೆದಳು. “ಈ ಸಾಲಿಗೆ ಯಾವ ಬೀಜ ಹಾಕಿದ್ರಿ?”

“ಅದಾ? ಅದು ಮರದಾಗಿನ ಕಾಳವ್ವಾ.” ರಾಚವ್ವ ಕೈಯಲ್ಲೇ ಮೊರದ ಆಕಾರ ತೋರಿಸಿದಳು. “ಕೇರೂ ಮರಾ ಇಲ್ಲೇನು, ಅದರಾಗ ಒಂದ ಸೇರ ಕಾಳ ಬ್ಯಾರೆ ತಗದ ಪೂಜಿಗೆ ಇಟ್ಟಿದ್ವಿ. ಮದಲ ಬೀಜಾ ಮದಲ ಸಾಲಿಗೆ ಬೀಳಬೇಕಲ್ಲ. ಅದು ಮುಗಿದ ಮ್ಯಾಲ ಚೀಲದ್ದ ಹಾಕೇನಿ.”

“ಅದಕ್ಕ ಪುಡಿ ಹಚ್ಚಿತ್ತೇನ್ರಿ?”

“ಹಚ್ಚಿತ್ತಲ್ಲಽ. ಕಾಳ ಊರೂಮುಂದ ನನ್ನ ಕೈ ಎಲ್ಲಾ ಇದ್ದಲಿ ಆಗಿದ್ವು.”

ಪದ್ಮವ್ವ ಕೂತಳು. ನಾಲ್ಕು ಬೆರಳು ಮಣ್ಣಿಗೆ ಇಳಿಸಿದಳು. ಎತ್ತಿದಳು. ಕಾಲುವೆಯ ನೀರಿಗೆ ಅದ್ದಿದಳು.

ಕರಿ ನೀರು ಹರಿದು ಹೋಯಿತು. ಬೇರು ಬಿಳುಪಾಯಿತು. ಬಿಳಿ ನೂಲು. ನುಣ್ಣಗೆ, ಬರಿದು.

ಪಕ್ಕದ್ದು ಎತ್ತಿದಳು. ಅದೂ ಬರಿದು.

ಮೇಲೆ ಕೊಡೆಯ ನೆರಳು ಬಿತ್ತು. ಬಸಯ್ಯನವರು ಯಾವಾಗ ಬಂದರೋ. ಅವಳ ಕೈಯ ಬೇರನ್ನು ನೋಡಿದರು. ಹಳದಿ ಸಾಲು ನೋಡಿದರು. ಅದು ಕತ್ತರಿಸಿ ನಿಂತ ಜಾಗ ನೋಡಿದರು. ತಿಕ್ಕಿದ ತಂಬಾಕು ಬಾಯಿಗೆ ಹೋಗದೆ ಅಂಗೈಯಲ್ಲೇ ಉಳಿಯಿತು.

“ಬೆಳವಕ್ಕಿ ಸತ್ತಿದ್ದು ಇಲ್ಲೆ ಅಲ್ಲೇನವ್ವಾ ರಾಚವ್ವಾ?” ಎಂದರು, ಮೆಲ್ಲಗೆ.

“ಇಲ್ಲೇ ರೀ ಅಯ್ಯಾರ. ನೀವು ನಿಂತಲ್ಲೇ.”

“ಲಗಮಣ್ಣ ಅವತ್ತ ಬಾಯಿಗೆ ಹಾಕಿಕೊಂಡ ಕಾಳು, ಚೀಲದಾಗಿಂದ ತಗದನೋ?”

“ಏ, ಚೀಲದಾಗಿಂದ ಯಾಕ ತಗೀತಾನ್ರಿ? ಮರದಾಗಿನ ಕಾಳು. ಬೀಗರ ಮನೀ ಅಳಿಯಾ, ಮದಲ ಕಾಳು ಅವನ ಕೈಗೇ ಕೊಡಬೇಕಲ್ಲ.” ರಾಚವ್ವನಿಗೆ ಇನ್ನೂ ಏನೂ ತಿಳಿದಿರಲಿಲ್ಲ. ತನ್ನ ಮನೆಯ ರೀತಿ ರಿವಾಜು ಹೇಳುವ ಹಿಗ್ಗು ದನಿಯಲ್ಲಿತ್ತು. “ಮದಲ ಕಾಳು ಮುತ್ತೈದಿ ಕೈಯಿಂದನ ಆಗಬೇಕು. ನಾ ರಂಡ ಮುಂಡಿ, ಅವತ್ತ ನಾ ಮುಟ್ಟಲಿಲ್ಲ. ಮರಾ ಪೂಜಿ ಮಾಡಿದಾಕಿ ಸೊಸಿ. ದೇವರ ಕ್ವಾಣ್ಯಾಗ ಇಟ್ಟಾಕಿ ಸೊಸಿ. ತಂದು ಅವನ ಮುಂದ ಹಿಡದಾಕೀನೂ ಸೊಸೀನ.”

ರಾಚವ್ವನಿಗೆ ಒಬ್ಬಳೇ ಸೊಸೆ.

ಪದ್ಮವ್ವ ಬೇರನ್ನು ಮುಷ್ಟಿಯೊಳಗೆ ಮುಚ್ಚಿದಳು. ಯಾಕೆ ಮುಚ್ಚಿದಳೋ ಅವಳಿಗೇ ಗೊತ್ತಿಲ್ಲ. ಬಸಯ್ಯನವರು ಕಂಡೂ ಕಾಣದವರಂತೆ ಕಾಲುವೆಯ ಕಡೆಗೆ ಮುಖ ತಿರುಗಿಸಿದರು.

ಯಲ್ಲವ್ವ ಚಿಕ್ಕವಳಿದ್ದಾಗ ಪದ್ಮವ್ವನ ಸೆರಗು ಹಿಡಿದೇ ನಡೆಯುತ್ತಿದ್ದಳು. ಸಂಗೊಳ್ಳಿಯ ಹೊಳೆಗೆ, ಹಿಟ್ಟಿನ ಗಿರಣಿಗೆ, ಎಲ್ಲಿಗೂ. ಲಗಮಣ್ಣ ಸತ್ತ ಮೂರನೆಯ ದಿನಕ್ಕೆ ಬಂದವಳು ಅಕ್ಕನ ಎದುರು ಕೂತು, ಅಕ್ಕನ ಪಾಲಿನದನ್ನೂ ಸೇರಿಸಿ ಅತ್ತು ಹೋಗಿದ್ದಳು. ಆಮೇಲೆ ಬಂದಿರಲಿಲ್ಲ. ‘ಹೊಲದ ಕೆಲಸ ಭಾಳ’ ಎಂದು ಹೇಳಿಕಳಿಸಿದ್ದಳು.

ಬೇವಿನ ಗಿಡದ ಆಚೆಯ ಕಾಲುದಾರಿಯಲ್ಲಿ ಅವಳೇ ಬರುತ್ತಿದ್ದಳು. ತಲೆಯ ಮೇಲೆ ಬುತ್ತಿಯ ಗಂಟು, ಕೈಯಲ್ಲಿ ನೀರಿನ ತಂಬಿಗೆ. ಮಳೆಗೆ ಗೊಪ್ಪೆ ಹಾಕಿಕೊಂಡಿದ್ದಳು. ಜೀಪು ನೋಡಿ ನಿಂತಳು. ಗಂಡನನ್ನು ನೋಡಿದಳು. ಆಮೇಲೆ ಬದುವಿನ ಕಡೆ ನೋಡಿದಳು. ಅಕ್ಕ ಕೂತ ಜಾಗ ನೋಡಿದಳು.

ಬುತ್ತಿ ಅಲ್ಲೇ ಕೆಸರಿನಲ್ಲಿ ಇಟ್ಟುಬಿಟ್ಟಳು. ಓಡಿಬಂದಳು.

“ಅಕ್ಕಾ! ಏಳು! ಎಲ್ಲಾ ಹೊಲಾ ಬಿಟ್ಟು ಈ ಸಾಲಿಗೆ ಯಾಕ ಬಂದಿ?”

ಬಂದವಳೇ ಪದ್ಮವ್ವನ ಮಣಿಕಟ್ಟು ಹಿಡಿದು ಎಬ್ಬಿಸಿದಳು. ತಂಬಿಗೆ ಬಗ್ಗಿಸಿದಳು. ನೀರು ಸುರಿಯಿತು. ಮುಷ್ಟಿ ಬಿಡಿಸಿ, ಬೇರು ಕಿತ್ತೆಸೆದು, ಅಂಗೈ ತಿಕ್ಕಿದಳು, ಬೆರಳ ಸಂದಿ ತಿಕ್ಕಿದಳು, ಉಗುರು ತಿಕ್ಕಿದಳು. ಕೂಸಿನ ಕೈ ತೊಳೆಯುವ ಹಾಗೆ.

“ಬಾಯಿಗೆ ಹಚ್ಚಿಲ್ಲ ಹೌದಿಲ್ಲೋ? ಕೈ ಬಾಯಿಗೆ ಹಚ್ಚಿಲ್ಲ? ಹೇಳ ಅಕ್ಕಾ!”

“ಇಲ್ಲ,” ಎಂದಳು ಪದ್ಮವ್ವ.

ರಾಚವ್ವ ಬಾಯಿ ತೆರೆದು ನಿಂತಿದ್ದಳು. ಬಸಯ್ಯನವರು ಕೊಡೆ ಮಡಚಿದರು. ಮಳೆ ಅವರ ರುಮಾಲಿನ ಮೇಲೆ ಬೀಳುತ್ತಿತ್ತು.

“ಈ ಸಾಲಿನ್ಯಾಗ ಏನೈತಿ ತಂಗೀ?” ಎಂದು ಕೇಳಿದರು. ಪ್ರಸಾದ ಕೇಳುವವರ ಹಾಗೆ, ಅಷ್ಟು ಮೆತ್ತಗೆ.

ಯಲ್ಲವ್ವನ ಕೈ ನಿಂತಿತು. ತಂಬಿಗೆಯ ನೀರು ನಿಲ್ಲಲಿಲ್ಲ, ಸುರಿದು ಮುಗಿಯಿತು. ಅವಳು ಬಸಯ್ಯನವರನ್ನು ನೋಡಲಿಲ್ಲ. ಅಕ್ಕನನ್ನೂ ನೋಡಲಿಲ್ಲ. ಬೇವಿನ ಗಿಡದ ಕೆಳಗೆ ನೋಡಿದಳು. ಅಲ್ಲಿ ಶಟ್ಟೆಪ್ಪ ನೊಗದ ಹಗ್ಗ ಕೈಯಲ್ಲಿ ಹಿಡಿದು ಇತ್ತಲೇ ನೋಡುತ್ತ ನಿಂತಿದ್ದ. ತಲೆಯನ್ನು ಒಮ್ಮೆ, ಒಂದೇ ಒಮ್ಮೆ, ಬೇಡವೆಂಬಂತೆ ಅಲ್ಲಾಡಿಸಿದ.

ಹೊಲದಾಚೆ ಜೀಪು ಕೆಮ್ಮಿ ಚಾಲೂ ಆಯಿತು.

“ಸಾಹೇಬ್ರನ್ನ ಕೂಗಲೇನವ್ವಾ?” ಬಸಯ್ಯನವರು ಪದ್ಮವ್ವನನ್ನೇ ಕೇಳಿದರು. “ನೀ ಹೂಂ ಅಂದ್ರ ಕೂಗತೇನಿ. ಜೀಪ ಹೋತಂದ್ರ, ಸಂಜೀಕ ಈ ಸಾಲ ಇಲ್ಲಿ ಇರೂದಿಲ್ಲ.”

ಯಲ್ಲವ್ವ ಇನ್ನೂ ಅಕ್ಕನ ಮಣಿಕಟ್ಟು ಬಿಟ್ಟಿರಲಿಲ್ಲ. ಬಳೆ ಇರಬೇಕಾದ ಜಾಗದಲ್ಲಿ ಅವಳ ಉಗುರು ಚರ್ಮಕ್ಕೆ ಇಳಿದಿತ್ತು.

ಪದ್ಮವ್ವ ಆ ಜಾಗ ನೋಡಿಕೊಂಡಳು. ನೋಯುತ್ತಿತ್ತು. ಇಷ್ಟು ದಿನದ ಮೇಲೆ, ಮೊದಲ ಸಲ, ನೋಯುತ್ತಿತ್ತು.

ಜೀಪು ಗಾಡಿದಾರಿಗೆ ತಿರುಗಿತು.